ಮುಚ್ಚಿದ ಮಗ್ಗದ ಕುಣಿ

ಆವತ್ತು ಬೆಳಗ್ಗೆ ಆಷಾಢದ ಗಾಳಿ ಬಿಟ್ಟೂಬಿಡದೆ ಬೀಸುತ್ತಿತ್ತು, ಮೋಡವಿತ್ತು, ಹನಿಯಿರಲಿಲ್ಲ. ಮಕ್ಕಳು ಹಳ್ಳಿಯಲ್ಲಿ ಬೆಳೆಯಲೆಂದು ಪುಣೆ ಬಿಟ್ಟು ಬಂದ ನಾವು ರಬಕವಿ ಹತ್ತಿರದ ಊರೊಂದರಲ್ಲಿ ಬಾಡಿಗೆ ಮನೆ ನೋಡಲು ಹೋದೆವು. ಶಾಲೆ ಎದುರಿಗೇ, ಹೊಳೆ ದೂರ. ನನಗೆ ಒಪ್ಪಿಗೆಯಾಗಿತ್ತು.

"ನಮ್ಮಪ್ಪ, ಕಾಲು ಇಳಿಬಿಟ್ಟು ತುಳದು ನೇಯೂ ಕೈಮಗ್ಗದ ಕುಣಿ ಮುಚ್ಚಿ ಮ್ಯಾಲ ಕಲ್ಲು ಹಾಸ್ಯಾನ್ರಿ," ಎಂದರು ಮನೆಯ ಯಜಮಾನ ಚನಮಲ್ಲಪ್ಪ. ಪಡಸಾಲೆಯ ನಡುವಿನ ಆ ಕಲ್ಲಿಗೆ ವಿಭೂತಿ ಹಚ್ಚಿತ್ತು. "ಅದರ ಮ್ಯಾಲ ಯಾರೂ ಕುಂಡರಬ್ಯಾಡ್ರಿ, ಅಷ್ಟ."

"ಸೋಫಾ ಐತ್ರಿ ನಮ್ಮದು, ನೆಲದ ಮ್ಯಾಲ ಯಾರು ಕುಂಡರತಾರ?" ಎಂದು ನನ್ನ ಗಂಡ ನಕ್ಕರು.

ಅಡುಗೆಮನೆ ನೋಡಿ ಬರುವಷ್ಟರಲ್ಲಿ ನಾಲ್ಕು ವರ್ಷದ ಮಗಳು ಇಂಚರಾ ಆ ಕಲ್ಲಿನ ಮೇಲೆ ಕೂತು, ಒಮ್ಮೆ ಎಡಗಾಲು ಒಮ್ಮೆ ಬಲಗಾಲು ಒತ್ತುತ್ತಿದ್ದಳು. ಒತ್ತಿದಾಗಲೆಲ್ಲ ನೆಲದ ಕೆಳಗಿಂದ ಖಟಕ್ ಎಂದು ಮಗ್ಗದ ಸಪ್ಪಳ. ದೇವರ ಮುಂದೆ ನಿಲ್ಲಿಸಿ ಕೇಳಿದರೂ ಇದನ್ನೇ ಹೇಳುತ್ತೇನೆ.

"ಏಳ ಲೇ!" ಎಂದೆ.

"ತಡಿ ಬೇ, ಸೀರಿ ಇನ್ನಾ ಗೇಣು ನೇಯೂದೈತಿ."

ಸೀರೆ ನೇಯುವುದನ್ನು ಅವಳು ಕಂಡೇ ಇರಲಿಲ್ಲ. ಬಾಚಿ ಎತ್ತಿಕೊಂಡೆ. ಮೊಳಕಾಲಿನವರೆಗೆ ಅವಳ ಕಾಲು ಬಾವಿ ನೀರಿನಂತೆ ತಣ್ಣಗಿದ್ದವು, ನೂಲಿಗೆ ಹಚ್ಚುವ ಹಸಿ ಗಂಜಿ ನಾರುತ್ತಿದ್ದವು. ಅವಳ ಕಾಲು ನೆಲ ಬಿಟ್ಟರೂ ಸಪ್ಪಳ ನಿಲ್ಲಲಿಲ್ಲ. ಶಿವಶಿವಾ ಎನ್ನುತ್ತ ಹೊರಗೆ ಬಂದೆ.

ಅದೇ ಊರಲ್ಲಿ ಬೇರೆ ಮನೆ ಹಿಡಿದೆವು. ಮಗಳ ಒಂದು ಕಾಲ್ಗೆಜ್ಜೆ ಇಲ್ಲದ್ದು ಆವತ್ತು ಸಂಜೆಯೇ ಕಣ್ಣಿಗೆ ಬಿತ್ತು. ಹೋಗಿ ಕೇಳುವ ಧೈರ್ಯವಾಗಲಿಲ್ಲ.

ಎಂಟನೇ ದಿನ ಚನಮಲ್ಲಪ್ಪ ತಾವೇ ಬಂದರು. ಕೈಯೆಲ್ಲ ಮಣ್ಣಾಗಿತ್ತು.

"ಸಪ್ಪಳ ನಿಂದರವಲ್ದಂತ ಕಲ್ಲು ಎಬ್ಬಿಸಿ ಅಗದ್ನಿರಿ," ಎಂದು ಮೆಲ್ಲಗೆ ಹೇಳಿದರು. "ಕುಣಿ ತಳದಾಗ ಸಿಕ್ತು."

ಗೆಜ್ಜೆಯನ್ನು ನನ್ನ ಅಂಗೈಯಲ್ಲಿಟ್ಟು, ನೀರೂ ಕುಡಿಯದೆ ಹೋದರು.