ಹದಿನೈದರಲ್ಲಿ ಒಂದು ಜೋಡಿ

ಮೂರನೆಯ ವಾರವೂ ಚೀಟಿಯಲ್ಲಿ ಓಂಕಾರನ ಜೊತೆ ನನ್ನ ಹೆಸರೇ ಬಂದಾಗ ನನ್ನ ಸಂಶಯ ಗಟ್ಟಿಯಾಯಿತು. ಈ ಮನುಷ್ಯ ಏನೋ ಮಸಲತ್ತು ನಡೆಸಿದ್ದಾನೆ.

ನಾಸಿಕಿನ ಹತ್ತಿರದ ಓಝರಿನ ನಮ್ಮ ಕನ್ನಡ ಸಂಘದಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕ್ಲಾಸು. ಕಲಿಸುವವರು ನಾವು ಆರು ಜನ. ಶನಿವಾರ ನಾಗಮ್ಮ ಕಾಕು ಡಬ್ಬಿಯಿಂದ ಎರಡು ಚೀಟಿ ಎತ್ತಿ, ಹೆಸರು ಬಂದ ಇಬ್ಬರಿಗೆ ಮರುದಿನ ಪಾಠಕ್ಕೆ ಬರಲು ಫೋನ್ ಮಾಡುತ್ತಾರೆ. ಆದರೆ ಚೀಟಿ ಬರೆದು ಡಬ್ಬಿಗೆ ಹಾಕುವವನು ಅವರ ಮೇಲಿನ ಮನೆಯ ಓಂಕಾರ, ವಿಮಾನ ಕಾರ್ಖಾನೆಯ ಟೆಕ್ನಿಶಿಯನ್. ಕಳ್ಳನ ಕೈಗೆ ಕೀಲಿಕೈ ಕೊಟ್ಟಂತೆ!

ನಾನು ನಾಸಿಕಿನ ಕೋಚಿಂಗ್ ಕ್ಲಾಸಿನಲ್ಲಿ ಗಣಿತ ಟೀಚರ್. ಬಿಡುತ್ತೇನೆಯೇ?

ನಿಜವಾದ ಸಂಕಟ ಬೇರೆಯೇ ಇತ್ತು. ಬುಧವಾರ ನನ್ನನ್ನು ನೋಡಲು ಕಲಬುರಗಿಯಿಂದ ವರ ಬರುವವನಿದ್ದ. ಅಪ್ಪನಿಗೆ ಏನು ಹೇಳಲಿ? ಓಂಕಾರ ಮೋಸ ಮಾಡಿದ್ದರೆ ಅವನು ಸುಳ್ಳುಗಾರ. ಮಾಡಿರದಿದ್ದರೆ ಅವನ ಮನಸ್ಸಿನಲ್ಲಿ ನಾನೇ ಇಲ್ಲ. ಎರಡೂ ನನಗೆ ಬೇಡವಾಗಿತ್ತು.

ಆ ಭಾನುವಾರ ಮಕ್ಕಳು ಹೋದ ಮೇಲೆ ಓಂಕಾರನನ್ನು ತಡೆದು, ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತೆ.

“ನೋಡ್ರಿ. ಆರು ಮಂದ್ಯಾಗ ಮೊದಲನೇ ಚೀಟಿ ಆರು ಥರ ಬರಬಹುದು, ಎರಡನೇದು ಐದು ಥರ. ಆರೈದಲೆ ಮೂವತ್ತು. ಆದ್ರ ಓಂಕಾರ-ನೀರಜಾ ಅಂದ್ರೂ, ನೀರಜಾ-ಓಂಕಾರ ಅಂದ್ರೂ ಜೋಡಿ ಒಂದೇ. ಅರ್ಧಾ ಮಾಡಿದ್ರ ಹದಿನೈದು.”

“ಜೋಡಿ ಏನಂದ್ರಿ? ಇನ್ನೊಮ್ಮೆ ಹೇಳ್ರಿ, ತಿಳೀಲಿಲ್ಲ.” ಅವನ ತುಟಿ ಗಂಭೀರವಾಗಿತ್ತು, ಕಣ್ಣು ನಗುತ್ತಿತ್ತು.

ನನ್ನ ಕಿವಿ ಬಿಸಿಯಾಯಿತು. “ಚೇಷ್ಟಾ ಸಾಕು. ನಮ್ಮ ಜೋಡಿ ಬರೋ ಚಾನ್ಸ್ ಹದಿನೈದರಾಗ ಒಂದು. ಮೂರು ವಾರ ಸಾಲಾಗಿ ಅಂದ್ರ ಮೂರು ಸಾವಿರದ ಮುನ್ನೂರಾ ಎಪ್ಪತ್ತೈದರಾಗ ಒಂದು! ಕಾಕುಗ ಟೋಪಿ ಹಾಕೀರಿ, ಹೌದಿಲ್ಲೋ?”

“ಬಸವಣ್ಣನ ಆಣಿ, ಚೀಟ್ಯಾಗ ಮೋಸ ಮಾಡಿಲ್ಲರಿ.”

ಸೀಮೆಸುಣ್ಣ ಕೆಳಗಿಟ್ಟೆ. “ಹಂಗಾರ... ಬರೇ ನಸೀಬು?” ನನ್ನ ದನಿ ನಡುಗಿದ್ದು ಅವನಿಗೂ ಕೇಳಿಸಿತು.

ಅವನು ಡಸ್ಟರ್ ಎತ್ತಿ ಹಲಗೆಯ ಮೇಲಿನ ‘ಆರು’ ಅಳಿಸಿದ.

“ಮೊದಲನೇ ವಾರ ನಸೀಬು. ಆಮ್ಯಾಲ... ಬರಾಕ ಆಗದವರ ಚೀಟಿ ಹಾಕಂಗಿಲ್ಲಲ್ಲ? ಹೋದ ವಾರ ಚೇತನ, ನಿಖಿಲಗ ನನ್ನ ಬೈಕ್ ಕೊಟ್ಟು ನಿಫಾಡಕ್ಕ ದ್ರಾಕ್ಷಿ ತಿನ್ನಾಕ ಕಳಿಸಿದೆ. ಉಳಿದವರು ನಾಕೇ ಮಂದಿ, ಆರು ಜೋಡಿ. ಈ ವಾರ ಅವರನ್ನ ಮತ್ತ ಕಳಿಸಿದೆ. ಮಾಲವಿಕಾಗೂ ಔರಂಗಾಬಾದಿನ ಅಕ್ಕನ ಮನಿಗೆ ಬಸ್ ಟಿಕೆಟ್ ಮಾಡಿಸಿ ಕೊಟ್ಟೆ. ಉಳಿದದ್ದು ನೀವು, ನಾನು, ಭಾರ್ಗವಿ. ಮೂರೇ ಜೋಡಿ. ಮೂರರಾಗ ಒಂದು ಚಾನ್ಸ್!”

ಅಯ್ಯೋ ಶಿವನೇ! ಡಬ್ಬಿಯಲ್ಲಿ ಎಷ್ಟು ಚೀಟಿ ಇವೆ ಎಂದು ನಾನು ಕೇಳಿರಲೇ ಇಲ್ಲ. ನನ್ನ ಹುಡುಗರು ಈ ತಪ್ಪು ಮಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ. ಸಿಟ್ಟು ಬಂತು, ಅದರ ಬೆನ್ನಿಗೇ ನಗು ಬಂತು.

ಆದರೂ ಬಿಡಲಿಲ್ಲ. “ಭಾರ್ಗವಿನ್ನ ಯಾಕ ಉಳಿಸಿದ್ರಿ? ಅಕೀನ್ನೂ ಎಲ್ಲ್ಯಾರ ಅಟ್ಟಬೇಕಿತ್ತು.”

“ಇಬ್ಬರೇ ಉಳಿದ್ರ ಅದು ಜಬರ್ದಸ್ತಿ ಆಗ್ತದರಿ. ನಿಮ್ಮ ಮನಸ್ಸು ಕೇಳದ ಹೆಂಗ ಮಾಡ್ಲಿ?” ಕಣ್ಣಿನ ನಗು ಹೋಗಿತ್ತು. “ನೀರಜಾ, ನನಗ ನೀವಂದ್ರ ಭಾಳ ಇಷ್ಟ. ಕಾಕು ಬುಧವಾರದ ಸುದ್ದಿ ಹೇಳಿದಾಗಿಂದ ಊಟ ಸೇರವಲ್ದು.”

ನಾನು ಮೊಬೈಲ್ ತೆಗೆದು ಅವನೆದುರೇ ಮನೆಗೆ ಫೋನ್ ಹಚ್ಚಿದೆ.

“ಅಪ್ಪಾ, ಬುಧವಾರ ಅವರಿಗೆ ಬರಬ್ಯಾಡ್ರಿ ಅಂತ ಹೇಳ್ರಿ. ಯಾಕಂದ್ರ... ನನಗ ಬೇಕಾದವರು ಇಲ್ಲೇ ಅದಾರ. ಈಗ ಕರಕೊಂಡು ಬರ್ತೀನಿ.”

ಓಂಕಾರನ ಕೈಯಿಂದ ಡಸ್ಟರ್ ಕೆಳಗೆ ಬಿತ್ತು.

“ನಡೀರಿ,” ಎಂದೆ. “ಅಪ್ಪ ಬಾಗಿಲದಾಗ ನಿಂತಿರ್ತಾರ.”