ಖಾಲಿ ಕುರ್ಚಿಯ ಮುಂದಿನ ಬಿಳಿ ಬಿಲ್ಲೆ

ನಾನು ಓಡಿಹೋಗಿ ನೋಡಿದಾಗ ನಮ್ಮ ಕ್ಯಾಸಿನೊ ಹೋಟೆಲಿನ ಅತಿಥಿ ಎವಾಂಥಿಯಾ ಅಮ್ಮ ತಮ್ಮ ಕೋಣೆಯ ನೆಲದ ಮೇಲೆ ಬಿದ್ದಿದ್ದರು. ತಲೆಯ ಪಕ್ಕದಲ್ಲೇ ಕಬ್ಬಿಣದ ಹೀಟರ್, ಅದರ ಅಂಚಿಗೆ ರಕ್ತ. ನನ್ನ ಅಕ್ಕ ರುಮೆನಾ ಮೊಣಕಾಲೂರಿ ಕೂತು ಟವೆಲಿನಿಂದ ಅವರ ತಲೆಯನ್ನು ಒತ್ತಿ ಹಿಡಿದಿದ್ದಳು. ಅವಳ ಬಿಳಿ ಅಂಗಿಯ ತೋಳುಗಳೆರಡೂ ಕೆಂಪಾಗಿದ್ದವು.

"ಉಸಿರಿದೆ ಟ್ರಾಯ್ಚೆ. ಆಂಬುಲೆನ್ಸ್‌ಗೆ ಫೋನ್ ಮಾಡು. ನನ್ ಮುಖ ನೋಡ್ತಾ ನಿಂತ್ಕೋಬೇಡ" ಎಂದಳು.

ಆಂಬುಲೆನ್ಸ್ ಬಂದು ಆ ಹೆಂಗಸನ್ನು ಒಯ್ದಿತು. ಅದರ ಹಿಂದೆಯೇ ನಮ್ಮ ಮ್ಯಾನೇಜರ್ ಬ್ಲಾಗೋಯ್ ಬಂದ. ಕೋಣೆಯ ಸುತ್ತ ಒಮ್ಮೆ ಕಣ್ಣಾಡಿಸಿದ. ಎವಾಂಥಿಯಾ ಅಮ್ಮನ ಹತ್ತಿರ ಯಾವಾಗಲೂ ಒಂದು ಚಿನ್ನದ ನಾಣ್ಯ ಇರುತ್ತಿತ್ತು, ಅವರ ಮದುವೆಯಲ್ಲಿ ಅತ್ತೆ ಕೊಟ್ಟ ಹಳೆಯ ಸಾವರಿನ್. ಪೋಕರ್ ಆಡುವಾಗ ತಮ್ಮ ಇಸ್ಪೀಟ್ ಎಲೆಗಳನ್ನು ಯಾರೂ ತಪ್ಪಿ ಎಳೆದುಕೊಳ್ಳಬಾರದೆಂದು ಅವುಗಳ ಮೇಲೆ ಅದನ್ನು ಇಟ್ಟುಕೊಳ್ಳುತ್ತಿದ್ದರು. ಪರ್ಸ್ ಬಾಯಿ ತೆರೆದು ಬಿದ್ದಿತ್ತು, ನಾಣ್ಯ ಇರಲಿಲ್ಲ.

"ಎಲೆ ಹಂಚೋರು ಅತಿಥಿಗಳ ಕೋಣೆಗೆ ಕಾಲಿಡೋ ಹಾಗಿಲ್ಲ. ನೀನ್ಯಾಕೆ ಬಂದೆ?" ಎಂದ ಬ್ಲಾಗೋಯ್.

"ಅವರೇ ಕರೆದ್ರು. ಬಿಡುವಿದ್ದಾಗ ಕೋಣೆಗೆ ಬಾ, ಮೇಜಿನ ವಿಷಯ ಒಂದು ಹೇಳಬೇಕು ಅಂತ ಕಿವೀಲಿ ಹೇಳಿ ಎದ್ದುಹೋದ್ರು. ಬಂದು ನೋಡಿದ್ರೆ ಹೀಗೆ ಬಿದ್ದಿದ್ರು."

"ಅದಕ್ಕೆ ಸಾಕ್ಷಿ?"

"ಅವರೇ."

"ಚೆನ್ನಾಗಿದೆ" ಎಂದು ಬ್ಲಾಗೋಯ್ ನಕ್ಕ. ಅವನ ಹಲ್ಲು ಮುರಿಯಲು ನನ್ನ ಕೈ ಮೇಲೆದ್ದಿತ್ತು. ಅಕ್ಕ ಕಣ್ಣಲ್ಲೇ ತಡೆದಳು.

ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಪ್ರತಿ ಶನಿವಾರ ಬೆಳಗ್ಗೆ ಗ್ರೀಸಿನ ಥೆಸಲೋನಿಕಿಯಿಂದ ಬಸ್ಸಿನಲ್ಲಿ ಗ್ರೀಕರನ್ನು ತುಂಬಿಕೊಂಡು ಗಡಿ ದಾಟಿಸಿ ನಮ್ಮೂರು ಗೆವ್ಗೆಲಿಯಾದ ಈ ಕ್ಯಾಸಿನೊಗೆ ತರುವುದು, ಭಾನುವಾರ ಸಂಜೆ ಆರಕ್ಕೆ ವಾಪಸು ಕರೆದೊಯ್ಯುವುದು ನನ್ನ ಕೆಲಸ. ಬರುವವರು ದೊಡ್ಡ ಜೂಜುಕೋರರೇನಲ್ಲ. ಎರಡು ಯೂರೊದ ಮೇಜಿನಲ್ಲಿ ಎರಡು ದಿನ ಕೂತು, ನಲವತ್ತು ಯೂರೊ ಸೋತು, ಪುಕ್ಕಟೆ ಕೆಬಾಬು ತಿಂದು, ರಾಜರಂತೆ ಜಗಳವಾಡುವ ಜನ. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಏನಾದರೂ ಕಳೆದ ಕೂಡಲೇ ಎಲ್ಲರ ಬೆರಳೂ ಕೆಲಸದವರ ಕಡೆಗೇ ತಿರುಗುತ್ತಿದ್ದುದರ ಮೇಲೆ.

ಅಂದು ಭಾನುವಾರ. ಊರಿನ ಪೊಲೀಸ್ ಅಧಿಕಾರಿ ದಾಮ್ಯನ್ ಬಂದದ್ದು ನಾಲ್ಕೂವರೆಗೆ. ಅಕ್ಕನ ಬ್ಯಾಗು, ಬೂಟು, ಕೊನೆಗೆ ಜಡೆಯನ್ನೂ ಬಿಚ್ಚಿಸಿ ನೋಡಿದರು. ಅತಿಥಿಗಳ ಜೇಬನ್ನು ಯಾರೂ ಮುಟ್ಟಲಿಲ್ಲ.

"ಕ್ಯಾಮೆರಾ ನೋಡಿ" ಎಂದೆ.

"ಅದರ ಪೆಟ್ಟಿಗೆಗೆ ಸರ್ಕಾರದ ಮುದ್ರೆ ಇದೆ ಕಣಯ್ಯಾ. ಸೋಮವಾರ ರಾಜಧಾನಿಯಿಂದ ಬಂದೋರೇ ಬಿಚ್ಚಬೇಕು. ಅಷ್ಟರಲ್ಲಿ ನಿನ್ ಬಸ್ಸಿನೋರು ಗಡಿ ಆಚೆ. ಅವರನ್ನ ಮತ್ತೆ ಕರೆಸೋಕೆ ವರ್ಷ ಬೇಕು. ನಿನ್ನಕ್ಕ ಇಲ್ಲೇ ಇದಾಳೆ" ಎಂದ ದಾಮ್ಯನ್.

ಬ್ಲಾಗೋಯ್ ಆಗಲೇ ದೂರು ಬರೆಯುತ್ತಿದ್ದ. ಅದಕ್ಕೆ ಸಹಿ ಬಿದ್ದರೆ ಅಕ್ಕನ ಲೈಸೆನ್ಸ್ ಹೋಗುತ್ತಿತ್ತು. ಆಮೇಲೆ ಈ ದೇಶದ ಯಾವ ಕ್ಯಾಸಿನೊ ಮೇಜಿನ ಹಿಂದೆಯೂ ಅವಳಿಗೆ ಜಾಗವಿಲ್ಲ. ಆ ಹೆಂಗಸು ಕಣ್ಣು ತೆರೆಯದಿದ್ದರೆ ಜೈಲು. ಅಪ್ಪ ಅಮ್ಮ ಹೋದ ಮೇಲೆ ಅವಳು ಈ ಮೇಜಿನ ಸಂಬಳದಲ್ಲೇ ನನ್ನನ್ನು ಸಾಕಿದ್ದಳು. ನಾನು ಓಡಿದ್ದು ವೆಲಿಕಾ ಅತ್ತೆಯ ಕೋಣೆಗೆ.

ಕೆಲಸದವರೆಲ್ಲ ಅತ್ತೆ ಎಂದು ಕರೆಯುವ ವೆಲಿಕಾ ಮೂವತ್ತು ವರ್ಷ ಇಲ್ಲೇ ಎಲೆ ಹಂಚಿದವಳು. ಸಂಧಿವಾತ ಬಂದು ಬೆರಳು ಸೊಟ್ಟಗಾದ ಮೇಲೆ ಹೋಟೆಲಿನ ಯಜಮಾನ ನೆಲಮಹಡಿಯಲ್ಲಿ ಅವಳಿಗೊಂದು ಕೋಣೆ ಕೊಟ್ಟಿದ್ದ. ಏನು ಕಳೆದರೂ, ಯಾರು ಹೊಡೆದಾಡಿದರೂ ಮೊದಲು ಅವಳನ್ನು ಕರೆಯುವುದು ನಮ್ಮಲ್ಲಿ ರೂಢಿಯಾಗಿತ್ತು. ಮೂರು ವರ್ಷಗಳಿಂದ ಅವಳ ಕೈಕಾಲು ನಾನೇ.

ಪೂರ್ತಿ ಕೇಳಿಸಿಕೊಂಡು ಅವಳು ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದಳು. "ನಿನ್ ಸಿಟ್ಟು ಆರು ಗಂಟೆವರೆಗೆ ಜೇಬಲ್ಲಿಟ್ಕೋ. ಮೊದಲು ಮೇಜಿನ ಹತ್ರದಿಂದ ಆ ಕೋಣೆಗೆ ನಡೆದು ನೋಡು, ಗಡಿಯಾರ ಹಿಡ್ಕೊಂಡು."

ನಡೆದೆ. ಎವಾಂಥಿಯಾ ಅಮ್ಮನ ಕೋಣೆ ತೋಟದಾಚೆಯ ಕಟ್ಟಡದಲ್ಲಿತ್ತು. ದಾಳಿಂಬೆ ಗಿಡಗಳ ನಡುವೆ ಹೋಗಿ ಎರಡು ಮಹಡಿ ಹತ್ತಬೇಕು. ಬೇಗ ನಡೆದರೂ ನಾಲ್ಕೂವರೆ ನಿಮಿಷ. ಹೋಗಿ ಬರಲು ಒಂಬತ್ತು.

ಅಷ್ಟರಲ್ಲಿ ಅತ್ತೆ ಮೆತೊದಿಯನ್ನು ಹಿಡಿದು ನಿಲ್ಲಿಸಿದ್ದಳು. ಬಿಡುವಿಗೆ ಹೋದ ಅಕ್ಕನ ಜಾಗದಲ್ಲಿ ಎಲೆ ಹಂಚಲು ಕೂತಿದ್ದವನು ಅವನೇ.

"ಎವಾಂಥಿಯಾ ಹೋದ್ಮೇಲೆ ಯಾರ್ಯಾರು ಎದ್ರು?"

"ಮೂರು ಜನ ಅತ್ತೆ. ಎಷ್ಟೊತ್ತು ಹೋಗಿದ್ರು ಅಂತ ಕೇಳಬೇಡಿ. ನಾವು ಆಟಗಾರರ ಕೈ ನೋಡೋರು, ಮುಖ ನೋಡಲ್ಲ."

"ಗೊತ್ತು. ಆ ಮೇಜಿನ ಎಲೆಗಳನ್ನ ತಾ."

ಅವಳು ಎಲೆಗಳ ಮೂಲೆಗಳನ್ನು ಸೊಟ್ಟ ಬೆರಳಲ್ಲಿ ಒಂದೊಂದಾಗಿ ಸವರಿದಳು. ನಾಲ್ಕನ್ನು ಬೇರೆ ತೆಗೆದಿಟ್ಟಳು. ನಾಲ್ಕೂ ಎಕ್ಕಗಳು. ನಾನು ಬಾಯಿ ತೆರೆದೆ, ಅವಳು ಕೈ ತೋರಿಸಿ ಮುಚ್ಚಿಸಿದಳು.

ಎದ್ದ ಮೂವರನ್ನೂ ಅವಳು ಬೇರೆಬೇರೆಯಾಗಿ ಕರೆಸಿದಳು. ಮೊದಲನೆಯವನು ಲೆಫ್ಟೆರಿಸ್, ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದ ಮಾತುಗಾರ.

"ನಾನು ಸಿಗರೇಟ್ ಸೇದ್ತಿದ್ದೆ ತಾಯಿ. ಬೆಂಕಿ ಕೊಟ್ಟವನು ಈ ನಿಮ್ ಡ್ರೈವರ್ರೇ. ಸೇದಿ ಮುಗಿಸೋವರೆಗೂ ಬಸ್ಸಿನ ಟಯರ್ ಬೆಲೆ ಹೇಳಿ ನನ್ ತಲೆ ತಿಂದ."

ಅದು ನಿಜವೇ. ಒಳಗೂ ಇಬ್ಬರೂ ಒಟ್ಟಿಗೇ ಹೋಗಿದ್ದೆವು.

ಎರಡನೆಯವನು ಎವಾಂಥಿಯಾ ಅಮ್ಮನ ಅಣ್ಣನ ಮಗ ಸ್ಟ್ರಾಟೊಸ್. ಮೂವತ್ತು ದಾಟಿದರೂ ಅವರ ಖರ್ಚಿನಲ್ಲೇ ತಿರುಗುವವನು. "ಟಾಯ್ಲೆಟ್‌ಗೆ ಹೋಗಿದ್ದೆ. ಒಂದೇ ಆಟ ತಪ್ಪಿದ್ದು. ನನ್ನ ಹೀಗ್ಯಾಕೆ ನೋಡ್ತೀರಿ?" ಎಂದು ಅತ್ತ. ಅಳು ನಿಜವೋ ನಾಟಕವೋ ನನಗೆ ತಿಳಿಯಲಿಲ್ಲ.

ಮೂರನೆಯವನು ಅರಿಸ್ಟಿಡಿಸ್. ಕಿಲ್ಕಿಸ್ ಊರಿನ ಔಷಧಿ ಅಂಗಡಿಯವನು, ಇಸ್ತ್ರಿ ಕೋಟು, ಮೆತ್ತಗಿನ ಮಾತು. ಚರ್ಚಿನ ಸಮಿತಿಯಲ್ಲಿದ್ದನು. ಎಂಟು ವರ್ಷದಿಂದ ನನ್ನ ಬಸ್ಸಿನಲ್ಲಿ ಬಂದರೂ ಒಂದು ಕಾಫಿ ಕೊಡಿಸಿದವನಲ್ಲ. ಕೂರುತ್ತಿದ್ದದ್ದು ಎವಾಂಥಿಯಾ ಅಮ್ಮನ ಪಕ್ಕದಲ್ಲೇ.

"ಎಷ್ಟೊತ್ತು ಹೊರಗಿದ್ರಿ ಸ್ವಾಮಿ?" ಎಂದಳು ಅತ್ತೆ.

"ಎರಡು ನಿಮಿಷ, ಅಷ್ಟೇ. ನನ್ನ ಸರದಿಯ ಎರಡೂ ಪಣ ಹಾಕಿಯೇ ಎದ್ದದ್ದು. ಬಾಗಿಲ ಹತ್ತಿರ ನೀರು ಕುಡಿದು ಬಿ.ಪಿ. ಮಾತ್ರೆ ನುಂಗಿ ಬಂದೆ." ಹೆಬ್ಬೆರಳ ಉದ್ದನೆಯ ಉಗುರಿನಿಂದ ಜೇಬಿನೊಳಗಿನ ಮಾತ್ರೆ ಡಬ್ಬಿಯನ್ನು ತಟ್ಟಿ ತೋರಿಸಿದ. "ಆ ಹುಡುಗಿ ಪಾಪ. ಬಡತನ ಏನೇನೋ ಮಾಡಿಸುತ್ತೆ."

ಅವನು ಹೋದ ಮೇಲೆ ಅತ್ತೆ ಕೇಳಿದಳು, "ಅರಿಸ್ಟಿಡಿಸ್ ವಾಪಸ್ ಬಂದಾಗ ನೀನಲ್ಲೇ ಇದ್ಯಲ್ಲ, ಏನಾಯ್ತು?"

"ಏನೂ ಇಲ್ಲ. ಬಂದ, ಅವನ ಮುಂದೆ ಬಿಳಿ ಬಿಲ್ಲೆ ಇತ್ತು, ಮೂರು ಯೂರೊ ಹಾಕಿ ಎಲೆ ತಗೊಂಡ. 'ಅರಿಸ್ಟಿಡಿಸ್ ಕಾಯದೆ ದುಡ್ಡು ಹಾಕಿದ, ಯಾರಾದ್ರೂ ಪಾದ್ರೀನ ಕರೀರಿ' ಅಂತ ಲೆಫ್ಟೆರಿಸ್ ಆಡ್ಕೊಂಡ. ಎಲ್ಲ ನಕ್ರು."

ಅತ್ತೆ ಬೀಜ ಅಗಿಯುವುದನ್ನು ನಿಲ್ಲಿಸಿದಳು. "ಎಲ್ಲರನ್ನೂ ಅವರವರ ಕುರ್ಚೀಲೇ ಕೂರಿಸು."

ಗಡಿಯಾರ ಐದೂ ನಲವತ್ತು ತೋರಿಸುತ್ತಿತ್ತು. ಅತಿಥಿಗಳ ಚೀಲಗಳು ಬಾಗಿಲಲ್ಲಿ ಸಾಲಾಗಿದ್ದವು. ಆಟಗಾರರು ಹಸಿರು ಮೇಜಿನ ಸುತ್ತ ಕೂತರು. ಎವಾಂಥಿಯಾ ಅಮ್ಮನ ಕುರ್ಚಿ ಖಾಲಿ. ಅಕ್ಕ ಗೋಡೆಗೊರಗಿ ನಿಂತಿದ್ದಳು, ಪಕ್ಕದಲ್ಲಿ ದಾಮ್ಯನ್. ಬ್ಲಾಗೋಯ್ ಕೈಯಲ್ಲಿ ದೂರಿನ ಕಾಗದ.

ಎಲೆ ಹಂಚುವವರ ಜಾಗದಲ್ಲಿ ಅತ್ತೆ ಕೂತಳು. "ಮೊದಲು ರುಮೆನಾ. ಬಾರಮ್ಮಾ, ನಿನ್ ಜೇಬಲ್ಲೇನಿದೆ ತೋರಿಸು."

"ನಮಗೆ ಜೇಬಿಲ್ಲವಲ್ಲ ಅತ್ತೆ, ಎಲೆ ಹಂಚೋರು ಟೋಕನ್ ಕದೀಬಾರ್ದು ಅಂತ ಹೊಲಿದುಬಿಟ್ಟಿರ್ತಾರೆ."

"ಬ್ಲಾಗೋಯ್, ಹೊಲಿಸಿದೋನು ನೀನೇ. ಅವಳನ್ನ ತಲೆಯಿಂದ ಕಾಲಿನವರೆಗೆ ಹುಡುಕಿದ್ರಿ. ಕೋಣೆ ಹುಡುಕಿದ್ರಿ. ನಾಣ್ಯ ಎಲ್ಲಿ? ಕದ್ದವಳು ಓಡಿಹೋಗೋದು ಬಿಟ್ಟು ಟವೆಲ್ ಹಿಡ್ಕೊಂಡು ಕೂರ್ತಾಳಾ?"

ಬ್ಲಾಗೋಯ್ ಕೈಯಲ್ಲಿದ್ದ ಕಾಗದವನ್ನು ಮಗುಚಿ ಹಿಡಿದ.

"ಎವಾಂಥಿಯಾ ಅವಳನ್ನ ಯಾಕೆ ಕರೆದ್ಲು ಅನ್ನೋದು ಇಲ್ಲಿದೆ." ಅತ್ತೆ ನಾಲ್ಕು ಎಕ್ಕಗಳನ್ನು ಮೇಜಿನ ಮೇಲಿಟ್ಟಳು. "ದಾಮ್ಯನ್, ಮೂಲೆ ಸವರಿ ನೋಡು."

ದಾಮ್ಯನ್ ಸವರಿದ. "ಉಗುರಿನ ಗುರುತು."

"ಎರಡು ಯೂರೊದ ಮೇಜಲ್ಲಿ ಯಾರೋ ಎಕ್ಕಗಳಿಗೆ ಗುರುತು ಹಾಕಿದಾರೆ. ಎವಾಂಥಿಯಾ ಅದನ್ನ ನೋಡಿದ್ಲು. ಮೊದಲು ಎಲೆ ಹಂಚೋಳಿಗೆ ಹೇಳ್ಬೇಕು ಅಂದ್ಕೊಂಡ್ಲು, ಮರ್ಯಾದಸ್ಥ ಹೆಂಗಸು. ಅವಳು ಪಿಸುಗುಟ್ಟಿದ್ದು ಪಕ್ಕದೋನ ಕಿವಿಗೂ ಬಿತ್ತು."

ಅರಿಸ್ಟಿಡಿಸ್ ನಗುತ್ತ ಕೋಟಿನ ಮಡಿಕೆ ಸರಿಮಾಡಿಕೊಂಡ. "ಪಕ್ಕದಲ್ಲಿ ಕೂತದ್ದೂ ಅಪರಾಧವಾ?"

"ಅಲ್ಲ. ಸುಳ್ಳು ಹೇಳಿದ್ದು." ಅತ್ತೆ ಒಂದು ಬಿಳಿ ಬಿಲ್ಲೆಯನ್ನು ಅವನ ಮುಂದೆ ಸರಿಸಿದಳು. "ದಾಮ್ಯನ್, ನೀನು ಆಡೋನಲ್ಲ, ಕೇಳಿಸ್ಕೋ. ಪ್ರತಿ ಆಟಕ್ಕೂ ಎಲೆ ಬೀಳೋಕೆ ಮುಂಚೆ ಇಬ್ಬರು ಕಡ್ಡಾಯವಾಗಿ ಪಣ ಹಾಕ್ಬೇಕು. ಒಬ್ಬ ಎರಡು ಯೂರೊ, ಇನ್ನೊಬ್ಬ ಒಂದು. ಆಮೇಲೆ ಸರದಿ ಪಕ್ಕದೋರಿಗೆ ಹೋಗುತ್ತೆ, ಹಾಗೇ ಮೇಜು ಸುತ್ತುತ್ತೆ. ಸರದಿ ಬಂದಾಗ ಕುರ್ಚಿ ಖಾಲಿ ಇದ್ರೆ ಎಲೆ ಹಂಚೋನು ಈ ಬಿಲ್ಲೆ ಇಡ್ತಾನೆ. ವಾಪಸ್ ಬಂದೋನು ತಪ್ಪಿದ ಮೂರು ಯೂರೊ ಹಾಕಿ ಆಡ್ಬೇಕು, ಇಲ್ಲಾ ಮತ್ತೆ ತನ್ ಸರದಿ ಬರೋವರೆಗೂ ಎಲೆ ಇಲ್ಲದೆ ಕಾಯ್ಬೇಕು. ಮೆತೊದಿ, ಅರಿಸ್ಟಿಡಿಸ್ ಮುಂದೆ ಬಿಲ್ಲೆ ಇಟ್ಟವನು ನೀನೇನಾ?"

"ನಾನೇ."

"ಸ್ಟ್ರಾಟೊಸ್ ಮುಂದೆ?"

"ಇಲ್ಲ. ಒಂದು ಆಟ ಬಿಟ್ಟು ಬಂದು ಮುಂದಿನದನ್ನ ಗೆದ್ದ. ಗೆದ್ದ ದುಡ್ಡಿನ ಟೋಕನ್ ಕೊಟ್ಟದ್ದು ನೆನಪಿದೆ."

"ಒಂದು ಆಟ ಅಂದ್ರೆ ಎರಡು ನಿಮಿಷ. ಆ ಕೋಣೆಗೆ ಹೋಗಿ ಬರೋಕೆ ಒಂಬತ್ತು. ಅವನಲ್ಲ. ಲೆಫ್ಟೆರಿಸ್ ನಮ್ ಟ್ರಾಯ್ಚೆ ಜೊತೆಗಿದ್ದ. ಉಳಿದೋರು ಈ ಸ್ವಾಮಿ. ಎರಡೂ ಪಣ ಹಾಕಿಯೇ ಎದ್ದೆ, ಎರಡು ನಿಮಿಷಕ್ಕೆ ಬಂದೆ ಅಂತಾರೆ. ಪಣ ಹಾಕಿ ಎದ್ದೋನಿಗೆ ಎರಡು ನಿಮಿಷದಲ್ಲಿ ಬಿಲ್ಲೆ ಎಲ್ಲಿಂದ ಬಂತು? ಸರದಿ ಮೇಜೆಲ್ಲ ಸುತ್ತಿ ಮತ್ತೆ ಇವರ ಕುರ್ಚಿಗೆ ಬಂದು ದಾಟಿಹೋದ್ರೆ ಮಾತ್ರ ಬಿಲ್ಲೆ ಬೀಳೋದು. ಕಮ್ಮಿ ಅಂದ್ರೂ ಕಾಲು ಗಂಟೆ."

ಮೇಜಿನ ಸುತ್ತ ಕುರ್ಚಿಗಳು ಕಿರುಗುಟ್ಟಿದವು. ಲೆಫ್ಟೆರಿಸ್ ಮೆಲ್ಲಗೆ ತನ್ನ ಕುರ್ಚಿಯನ್ನು ದೂರ ಸರಿಸಿಕೊಂಡ.

"ಹೊತ್ತು ಹೋದದ್ದು ಗೊತ್ತಾಗಿರಲಿಲ್ಲ" ಎಂದ ಅರಿಸ್ಟಿಡಿಸ್.

"ಗೊತ್ತಿತ್ತು. ಎಂಟು ವರ್ಷ ನೀವು ಆ ಮೂರು ಯೂರೊ ಒಂದ್ಸಲನೂ ಹಾಕಿಲ್ಲ. ಸರದಿ ಬರೋವರೆಗೂ ಕಾಲು ಗಂಟೆಯಾದ್ರೂ ಸುಮ್ನೆ ಕೂತಿರ್ತೀರಿ, ಇಡೀ ಬಸ್ಸಿಗೇ ಗೊತ್ತು. ಇವತ್ತು ನಿಮ್ ಮುಂದೆ ಆ ಬಿಲ್ಲೆ ಹಾಗೇ ಬಿದ್ದಿದ್ರೆ ನೋಡಿದೋರು ಲೆಕ್ಕ ಹಾಕ್ತಾರೆ ಅಂತ ಹೆದರಿದ್ರಿ. ಅದಕ್ಕೇ ತಕ್ಷಣ ದುಡ್ಡು ಹಾಕಿ ಬಿಲ್ಲೆ ಎತ್ತಿಸಿದ್ರಿ. ಮಾಮೂಲಿ ಹಾಗೆ ಕಾದಿದ್ರೆ ಯಾರೂ ತಿರುಗಿ ನೋಡ್ತಿರ್ಲಿಲ್ಲ."

"ಇದೆಲ್ಲ ಊಹೆ. ಬಸ್ಸಿಗೆ ಹೊತ್ತಾಯ್ತು." ಅವನು ಎದ್ದ.

ನಾನು ಬಾಗಿಲಿಗೆ ಅಡ್ಡ ನಿಂತೆ. "ಡ್ರೈವರ್ ನಾನೇ. ಬಸ್ ಹೊರಟಿಲ್ಲ."

"ಊಹೆನಾ ಅಲ್ವಾ ಅಂತ ನೋಡೋಣ" ಎಂದಳು ಅತ್ತೆ. "ಎರಡು ಯೂರೊಗೋಸ್ಕರ ಎಲೆ ಕೆರೆಯೋ ಮನುಷ್ಯ ಚಿನ್ನ ಬಿಸಾಕಲ್ಲ. ಕಳ್ಳತನದ ಹಾಗೆ ಕಾಣ್ಲಿ ಅಂತ ತಗೊಂಡ್ರಿ, ತೋಟದಲ್ಲಿ ಎಸೆಯೋಕೆ ಕೈ ಬರ್ಲಿಲ್ಲ. ದಾಮ್ಯನ್, ಆ ಮಾತ್ರೆ ಡಬ್ಬಿ ಕೇಳು. ತಟ್ಟಿ ತೋರಿಸಿದ್ರು, ಒಳಗಿಂದ ಒಂದು ಚೂರೂ ಸದ್ದು ಬರ್ಲಿಲ್ಲ. ಮಾತ್ರೆಗೆ ಹತ್ತಿ ಸುತ್ತಿಡೋರನ್ನ ನಾನಂತೂ ನೋಡಿಲ್ಲ."

ದಾಮ್ಯನ್ ಈ ಸಲ ಅತಿಥಿ ಎಂದು ನೋಡಲಿಲ್ಲ. ಡಬ್ಬಿ ತೆರೆದ. ಹತ್ತಿಯ ನಡುವೆ ಸಾವರಿನ್ ಹೊಳೆಯಿತು.

ಅರಿಸ್ಟಿಡಿಸ್ ಕುಸಿದು ಕೂತ. "ಕಾಲು ಹಿಡಿಯೋಕೆ ಹೋಗಿದ್ದೆ. ಊರಲ್ಲಿ ಹೇಳಬೇಡಿ ಅಂದೆ. ಬಸ್ಸಲ್ಲಿ ಎಲ್ಲರ ಮುಂದೆ ಹೇಳ್ತೀನಿ ಅಂದ್ಲು. ತೋಳು ಹಿಡಿದೆ, ಕೊಸರಿದ್ಲು, ನಾನು ತಳ್ಳಿದೆ. ಹೀಟರ್ ಇರೋದು ನೋಡಲಿಲ್ಲ."

"ರಕ್ತ ಕಂಡಿತ್ತಲ್ಲ" ಎಂದಳು ಅಕ್ಕ. "ಒಂದು ಟವೆಲ್ ಒತ್ತಬಹುದಿತ್ತು. ಬಂದು ಎಲೆ ಹಿಡಿದು ಕೂತ್ರಿ."

ದಾಮ್ಯನ್ ಅವನನ್ನು ಹಿಂಬಾಗಿಲಿನಿಂದ ಕರೆದೊಯ್ದ. ಆಸ್ಪತ್ರೆಗೆ ಫೋನ್ ಮಾಡಿದ್ದ ಸ್ಟ್ರಾಟೊಸ್ ಓಡಿಬಂದು, ಎವಾಂಥಿಯಾ ಅಮ್ಮನಿಗೆ ಪ್ರಜ್ಞೆ ಬಂದಿದೆ, ಮಾತಾಡುತ್ತಿದ್ದಾರೆ ಎಂದ.

ಬ್ಲಾಗೋಯ್ ಕಾಗದವನ್ನು ಮಡಚಿ ಕೋಟಿನೊಳಗೆ ತುರುಕಿ ಕೈ ಉಜ್ಜಿಕೊಂಡ. "ಸರಿ, ಒಳ್ಳೇದಾಯ್ತು. ರುಮೆನಾ, ಅಂಗಿ ಬದಲಾಯಿಸ್ಕೊಂಡು ಬಾ. ಆರಕ್ಕೆ ಮೂರನೇ ಮೇಜು ನಿಂದು."

ಅಕ್ಕ ಕೈ ಚಾಚಿದಳು. "ಮೊದಲು ಆ ಕಾಗದ ಕೊಡಿ."

"ಅದನ್ನ ನಾನೇ ಹರಿದು ಹಾಕ್ತೀನಿ ಬಿಡು."

"ಹರಿಯೋಕಲ್ಲ. ನೀವು ಬರೆದದ್ದರ ಕೆಳಗೆ, ಇದು ಸುಳ್ಳು ಅಂತ ನಿಮ್ ಕೈಲೇ ಬರೆದು ಸಹಿ ಹಾಕಿ. ಇವರೆಲ್ಲರ ಮುಂದೆ. ನಾಳೆ ರಾಜಧಾನಿಯಿಂದ ಬರೋರಿಗೆ ನಾನೇ ಕೊಡ್ತೀನಿ."

ಬ್ಲಾಗೋಯ್ ಅತ್ತೆಯ ಕಡೆ ನೋಡಿದ. ಅತ್ತೆ ಅವನ ಮುಂದೆ ಪೆನ್ನು ಸರಿಸಿದಳು. ಲೆಫ್ಟೆರಿಸ್ ಇದ್ದಲ್ಲಿಂದ ಕದಲಲಿಲ್ಲ. ಉಳಿದವರೂ ಚೀಲ ಎತ್ತಿಕೊಳ್ಳಲಿಲ್ಲ. ಅವರೆಲ್ಲ ನೋಡುತ್ತಿದ್ದಂತೆ ಬ್ಲಾಗೋಯ್ ಬರೆದ, ಸಹಿ ಹಾಕಿದ. ಅಕ್ಕ ಒಂದೊಂದು ಅಕ್ಷರವನ್ನೂ ಓದಿ ಕಾಗದವನ್ನು ಮುಷ್ಟಿಯಲ್ಲಿ ಹಿಡಿದಳು. ಇಟ್ಟುಕೊಳ್ಳಲು ಅವಳಿಗೆ ಬೇರೆ ಜಾಗವಿರಲಿಲ್ಲ.

"ಮೂರನೇ ಮೇಜಿಗೆ ಬೇರೆಯವರನ್ನ ಕೂರಿಸಿ" ಎಂದಳು. "ನಾನು ಆಸ್ಪತ್ರೆಗೆ ಹೋಗ್ತಿದೀನಿ. ಟ್ರಾಯ್ಚೆ, ಬಸ್ ತೆಗಿ."