ನಂಬರಿಲ್ಲದ ಇಬ್ಬರು ಗೋಲ್‌ಕೀಪರ್‌ಗಳು

ಬಾಲು ಜಗನ್‌ನ ಬೆರಳ ತುದಿ ಸವರಿ, ಗೋಲ್ ಕಂಬಕ್ಕೆ ಬಡಿದು, ಕಾಂಪೌಂಡ್ ದಾಟಿ ಪಕ್ಕದ ದ್ರಾಕ್ಷಿ ತೋಟಕ್ಕೆ ಬಿತ್ತು. ಅಮೃತ ಗೇಟಿನ ಸಂದಿಯಲ್ಲಿ ನುಸುಳಿ ಓಡಿದಳು. ಚಪ್ಪರದ ಕೆಳಗೆ ಬಗ್ಗಿ ಹೋಗಿ ಬಾಲು ಹುಡುಕಿ ತರುವಷ್ಟರಲ್ಲಿ ಜಗನ್ ಇನ್ನೂ ಗೋಲ್ ಮುಂದೆ ಮಂಡಿಯೂರಿ ಕೂತಿದ್ದ. ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

"ಇವತ್ತು ಇದು ಮೂರನೇದು ಕಣಮ್ಮ," ಎಂದ. "ನೇರ ಕೈಗೇ ಬರ್ತಾ ಇತ್ತು. ಕೊನೇಲಿ ಅದೇನಾಯ್ತೋ ಗೊತ್ತಾಗ್ಲಿಲ್ಲ."

ಗೆರೆಯಾಚೆ ನಿಂತಿದ್ದ ಕೋಚ್ ರಮೇಶ್‌ಬಾಬು ಸಣ್ಣ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಚಿಕ್ಕಬಳ್ಳಾಪುರದ ಹತ್ತಿರದ ಕಳವಾರ. ಅಲ್ಲಿನ ಶಾಲೆಗೆ ಬೇಸಿಗೆ ರಜೆ. ಅಮೃತಳ ಅಪ್ಪ ನರಸಿಂಹಮೂರ್ತಿ ಅಲ್ಲಿ ಪಿ.ಟಿ. ಮೇಷ್ಟ್ರು. ರಜೆಯಲ್ಲಿ ಖಾಲಿ ಬಿದ್ದಿರುತ್ತಿದ್ದ ಗ್ರೌಂಡಿಗೆ ಈ ಸಲ ಬೆಂಗಳೂರಿನಿಂದ ಒಂದು ಫುಟ್‌ಬಾಲ್ ಕ್ಲಬ್ ಬಂದಿತ್ತು. ಆಟದ ಸೀಸನ್ ಶುರುವಾಗುವ ಮೊದಲು ಹತ್ತು ದಿನದ ಪ್ರಾಕ್ಟೀಸ್. ಆಟಗಾರರೆಲ್ಲ ಹಾಸ್ಟೆಲ್‌ನಲ್ಲೇ ಉಳಿದಿದ್ದರು. ಹೊರಗೆ ಹೋದ ಬಾಲು ತಂದುಕೊಡುವ ಕೆಲಸವನ್ನು ಅಮೃತ ತಾನಾಗಿಯೇ ವಹಿಸಿಕೊಂಡಿದ್ದಳು.

ಮೊದಲ ದಿನವೇ ಅವಳ ಕಣ್ಣಿಗೆ ಒಂದು ವಿಷಯ ಬಿದ್ದಿತ್ತು. ಎಲ್ಲರ ಜೆರ್ಸಿ ಮೇಲೂ ನಂಬರ್ ಇತ್ತು, ಇಬ್ಬರದ್ದರ ಮೇಲೆ ಮಾತ್ರ ಇರಲಿಲ್ಲ. ಯಾಕೆ ಎಂದು ಕೇಳಿದಾಗ ಜಗನ್ ಬೇಸರಿಸದೆ ಹೇಳಿದ್ದ. ನಂಬರ್ ಇದ್ದವರನ್ನು ಕ್ಲಬ್‌ನವರು ಆಗಲೇ ಆರಿಸಿಕೊಂಡಿದ್ದಾರಂತೆ. ತನ್ನನ್ನೂ ಚೈತನ್ಯನನ್ನೂ ಯಾರೂ ಆರಿಸಿಲ್ಲ, ಸುಮ್ಮನೆ ಬಂದು ಆಡಿ ತೋರಿಸಿ ಅಂದಿದ್ದಾರಂತೆ. ಮೂರನೇ ಗೋಲ್‌ಕೀಪರ್ ಜಾಗ ಒಂದೇ ಒಂದು ಖಾಲಿ ಇದೆ. ಹತ್ತನೇ ದಿನ ಇಬ್ಬರಲ್ಲಿ ಒಬ್ಬ ಕ್ಲಬ್ಬಿಗೆ, ಇನ್ನೊಬ್ಬ ಮನೆಗೆ.

ಜಗನ್ ಗೌರಿಬಿದನೂರಿನ ಕಡೆಯವನು. ವಿದುರಾಶ್ವತ್ಥದ ಹತ್ತಿರ ಅವನ ಊರು. ಮಾತಿನ ಮಧ್ಯೆ ಅಮೃತಳ ಅಜ್ಜಿಯ ಹಾಗೆ ತೆಲುಗಿನ "ಸರೇ ಸರೇ" ಅನ್ನುತ್ತಿದ್ದ. ಅವಳು ಎಷ್ಟು ಪ್ರಶ್ನೆ ಕೇಳಿದರೂ ಉತ್ತರ ಕೊಡುತ್ತಿದ್ದ. ಬೆಂಗಳೂರಿನ ಚೈತನ್ಯ ಹಾಗಲ್ಲ. ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು, ಗೋಡೆಗೆ ಬಾಲು ಎಸೆದು ಎಸೆದು ಹಿಡಿಯುತ್ತ ಒಬ್ಬನೇ ಇರುತ್ತಿದ್ದ. ಜಾಗ ಜಗನಣ್ಣನಿಗೇ ಸಿಗಬೇಕು ಎಂದು ಅಮೃತ ಎರಡನೇ ದಿನವೇ ತೀರ್ಮಾನ ಮಾಡಿಬಿಟ್ಟಿದ್ದಳು.

ಆದರೆ ಆ ಬಾಲು ಕೊನೆ ಗಳಿಗೆಯಲ್ಲಿ ಯಾಕೆ ಪಕ್ಕಕ್ಕೆ ಜರುಗುತ್ತದೆ? ಮನೆಗೆ ಹೋದರೂ ಅದೇ ಯೋಚನೆ. ಗಾಳಿ ಇರಬಹುದು ನೋಡು, ಎಂದರು ಅಪ್ಪ.

ಮರುದಿನ ಸಾಯಂಕಾಲ ಅವಳು ಗೆರೆ ಹಾಕುವ ಸುಣ್ಣದ ಪುಡಿಯನ್ನು ಹಿಡಿಯಷ್ಟು ತೆಗೆದುಕೊಂಡು ಗೋಲ್ ಹಿಂದೆ ನಿಂತಳು. ಪುಡಿಯನ್ನು ಮೆಲ್ಲಗೆ ಉದುರಿಸಿದಳು. ನೇರ ಕಾಲ ಬುಡಕ್ಕೇ ಬಿತ್ತು. ಗಾಳಿ ಇಲ್ಲವೇ ಇಲ್ಲ. ಹಾಗೆ ಅಂದುಕೊಳ್ಳುವಾಗಲೇ ಚೈತನ್ಯನ ಕೈತಪ್ಪಿ ಒಂದು ಬಾಲು ದ್ರಾಕ್ಷಿ ತೋಟದ ಕಡೆ ಹಾರಿತು. ಅಮೃತ ತಲೆಯೆತ್ತಿ ಅದನ್ನೇ ನೋಡಿದಳು. ಬಾಲಿನಾಚೆ ನೀಲಗಿರಿ ಮರಗಳ ಸಾಲು. ಅವುಗಳ ಕೆಳಗಿನ ಎಲೆಗಳು ಅಲ್ಲಾಡದೆ ನಿಂತಿದ್ದವು, ತುದಿ ಮಾತ್ರ ಬಾಗಿತ್ತು.

ಅವಳು ಅಪ್ಪನನ್ನು ಕೇಳಿ ಶಾಲೆಯ ಮಹಡಿ ಹತ್ತಿದಳು. ಅಲ್ಲಿ ಗಾಳಿ ಅವಳ ಜಡೆಯನ್ನು ಮುಖದ ಮೇಲೆಯೇ ತಂದು ಹಾಕಿತು. ಕೆಳಗೆ ಎತ್ತರದ ಕಾಂಪೌಂಡ್ ಗೋಡೆ ಗಾಳಿಯನ್ನು ತಡೆಯುತ್ತಿತ್ತು, ಅಷ್ಟೇ. ಇನ್ನೂ ಎರಡು ದಿನ ಹೀಗೇ ನೋಡಿದಳು. ಐದೂವರೆಯ ತನಕ ಮೇಲೂ ಗಾಳಿ ಇರುವುದಿಲ್ಲ. ಊರಾಚೆಯ ಬೆಟ್ಟದ ನೆರಳು ಗ್ರೌಂಡಿನ ನಡುಗೆರೆ ಮುಟ್ಟುತ್ತಿದ್ದಂತೆ ಶುರುವಾಗುತ್ತದೆ. ಎತ್ತರಕ್ಕೆ ಹೋದ ಬಾಲನ್ನು ಒಂದು ಮೊಳ ತೋಟದ ಕಡೆಗೆ ತಳ್ಳುತ್ತದೆ.

ಇದನ್ನು ಅವಳು ಜಗನ್‌ಗೆ ಮಾತ್ರ ಹೇಳಿದಳು.

ಅಂದು ಸಾಯಂಕಾಲ ಪ್ರತಿ ಕಾರ್ನರ್ ಕಿಕ್‌ಗೂ ಮೊದಲು ಜಗನ್ ಒಮ್ಮೆ ನೀಲಗಿರಿಯ ತುದಿ ನೋಡಿದ. ಒಂದು ಹೆಜ್ಜೆ ತೋಟದ ಕಡೆ ಸರಿದು ನಿಂತ. ಐದಕ್ಕೆ ಐದೂ ಹಿಡಿದ. ಕೋಚ್ ಪುಸ್ತಕದಲ್ಲಿ ಬರೆಯುವ ಮೊದಲು ತಲೆ ಆಡಿಸಿದ್ದನ್ನು ಅಮೃತ ನೋಡಿದಳು. ಚೈತನ್ಯ ಎರಡು ಬಿಟ್ಟ.

ಆಮೇಲೆ ಅವಳು ನಲ್ಲಿಯ ಹತ್ತಿರ ನೀರಿನ ಕ್ಯಾನ್ ತುಂಬಿಸುತ್ತಿದ್ದಾಗ ಚೈತನ್ಯ ಬಂದ. ಇಯರ್‌ಫೋನ್ ಕಿವಿಯಿಂದ ತೆಗೆದು ಕೈಯಲ್ಲಿ ಹಿಡಿದಿದ್ದ.

"ನೀನು ಇಲ್ಲಿಯವಳೇ ಅಲ್ವಾ? ಸಾಯಂಕಾಲ ಈ ಕಡೆ ಗಾಳಿ ಏನಾದ್ರೂ ಬರುತ್ತಾ?"

ಅಮೃತ ನಲ್ಲಿಯನ್ನೇ ನೋಡುತ್ತ, "ಗೊತ್ತಿಲ್ಲಣ್ಣ," ಎಂದಳು.

ಚೈತನ್ಯ ತುಂಬಿದ ಕ್ಯಾನನ್ನು ಹೆಗಲಿಗೇರಿಸಿಕೊಂಡು ಗ್ರೌಂಡಿನ ತನಕ ಹೊತ್ತು ತಂದು ಇಟ್ಟ. ಅಂದು ರಾತ್ರಿ ಅನ್ನದ ತಟ್ಟೆ ಮುಂದೆ ಅವಳು ಸುಮ್ಮನೆ ಕೂತಿದ್ದು ನೋಡಿ ಅಪ್ಪ, ಬಿಸಿಲು ಹೊಡೆಯಿತೇನೋ ಅಂದುಕೊಂಡರು.

ಮರುದಿನ ಕಾರ್ನರ್ ಕಿಕ್ ಶುರುವಾಯಿತು. ಚೈತನ್ಯ ಗೋಲ್‌ನಲ್ಲಿ ನಿಂತ. ನಿಂತವನು ತಲೆಯೆತ್ತಿ ನೀಲಗಿರಿಯ ತುದಿ ನೋಡಿದ. ಒಂದು ಹೆಜ್ಜೆ ತೋಟದ ಕಡೆ ಸರಿದ. ಬಾಲು ಬಂದು ನೇರ ಅವನ ಕೈಯಲ್ಲಿ ಕೂತಿತು.

ಅಮೃತಳಿಗೆ ನಂಬಲಾಗಲಿಲ್ಲ. ಅವಳು ಜಗನ್ ಹತ್ತಿರ ಓಡಿದಳು.

"ಅಣ್ಣ, ಅವ್ರಿಗೆ ಹೆಂಗೆ ಗೊತ್ತಾಯ್ತು?"

"ನಾನೇ ಹೇಳ್ದೆ. ನಿನ್ನೆ ರೂಮಲ್ಲಿ ಕೇಳ್ದ, ಹೇಳ್ದೆ. ನೀನೇ ಕಂಡುಹಿಡಿದಿದ್ದು ಅಂತಾನೂ ಹೇಳ್ದೆ."

"ಯಾಕೆ ಹೇಳಿದ್ರಿ? ಅವ್ರು ಬಿಟ್ಟಿದ್ರೆ ನಿಮಗೇ ಸಿಗ್ತಿತ್ತಲ್ಲ."

ಜಗನ್ ಗ್ಲೌಸಿನ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿಕೊಂಡ. ಅವಳ ಮಾತು ಅವನಿಗೂ ಹೊಳೆಯದೆ ಇದ್ದದ್ದೇನಲ್ಲ ಅನ್ನುವುದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

"ಸಿಗ್ತಿತ್ತೇನೋ," ಎಂದ. "ಆದ್ರೆ ನಾನು ಅವನಿಗಿಂತ ಚೆನ್ನಾಗಿ ಹಿಡೀತೀನಾ ಇಲ್ವಾ ಅಂತ ನಂಗೂ ಗೊತ್ತಾಗ್ಬೇಕಲ್ಲಮ್ಮ."

ಅಮೃತಳಿಗೆ ಆ ಮಾತು ಅರ್ಥವಾಗಲಿಲ್ಲ, ಕೋಪ ಮಾತ್ರ ಬಂತು. ಅಷ್ಟು ಕಷ್ಟಪಟ್ಟು ಕಂಡುಹಿಡಿದದ್ದನ್ನು ಕೇಳಿದ ಕೂಡಲೇ ಹಂಚಿಬಿಟ್ಟಿದ್ದನಲ್ಲ. ಅವಳು ಅವನ ಹತ್ತಿರ ಹೋಗದೆ ಆಚೆ ಕಡೆಯ ಗೋಲ್ ಹಿಂದೆ ನಿಂತಳು. ಅಲ್ಲಿ ಚೈತನ್ಯನಿದ್ದ. ಬೇರೆ ದಾರಿಯಿಲ್ಲದೆ ಅವನ ಆಟವನ್ನೇ ನೋಡಬೇಕಾಯಿತು. ಇಷ್ಟು ದಿನ ಅವಳು ಅವನು ಬಿಟ್ಟ ಬಾಲುಗಳನ್ನು ಮಾತ್ರ ಲೆಕ್ಕ ಇಟ್ಟಿದ್ದಳು. ಹಿಡಿಯುವುದನ್ನು ನೋಡಿದ್ದು ಈಗಲೇ. ನೀರು ಹೊರುವುದನ್ನು ಮಾತ್ರ ಅವನು ಬಿಡಲಿಲ್ಲ. ದಿನವೂ ಬಂದು ಕ್ಯಾನ್ ಎತ್ತಿಕೊಂಡು ಹೋಗುತ್ತಿದ್ದ. ತಾನು ಸುಳ್ಳು ಹೇಳಿದ್ದು ಅವನಿಗೆ ಗೊತ್ತು ಅನ್ನುವುದು ಪ್ರತಿ ಸಲ ಅಮೃತಳ ನೆನಪಿಗೆ ಬರುತ್ತಿತ್ತು.

ಹತ್ತನೇ ದಿನ ಎರಡು ತಂಡ ಮಾಡಿ ಮ್ಯಾಚ್ ಆಡಿಸಿದರು. ಈ ಗೋಲ್‌ನಲ್ಲಿ ಜಗನ್, ಆ ಗೋಲ್‌ನಲ್ಲಿ ಚೈತನ್ಯ. ಮುಗಿದ ಮೇಲೆ ಕೋಚ್ ಇಬ್ಬರನ್ನೂ ಕರೆದು ಬಹಳ ಹೊತ್ತು ಮಾತಾಡಿದರು. ದೂರದಿಂದ ಅಮೃತಳಿಗೆ ಕಂಡದ್ದು, ಜಗನ್ ಚೈತನ್ಯನ ಕೈ ಕುಲುಕಿದ್ದು ಮತ್ತು ಒಬ್ಬನೇ ಹಾಸ್ಟೆಲ್ ಕಡೆ ನಡೆದದ್ದು.

ಚೈತನ್ಯ ನಲ್ಲಿಯ ಹತ್ತಿರ ಬಂದು ಮುಖಕ್ಕೆ ನೀರು ಎರಚಿಕೊಂಡ. ಅಮೃತ ಅಲ್ಲೇ ನಿಂತಿದ್ದಳು.

"ಅವತ್ತು ನಂಗೆ ಗೊತ್ತಿತ್ತಣ್ಣ," ಎಂದಳು.

"ಹ್ಞೂಂ," ಎಂದ ಚೈತನ್ಯ. ಟವೆಲ್‌ನಿಂದ ಮುಖ ಒರೆಸಿಕೊಂಡ. "ಮಹಡಿ ಹತ್ತಿ ನೋಡಿದ್ಯಂತೆ. ನಂಗೆ ಹೊಳೀಲೇ ಇಲ್ಲ ಅದು."

ಅಷ್ಟೇ ಅಂದು ಖಾಲಿ ಕ್ಯಾನುಗಳನ್ನು ಜೋಡಿಸಿ ಎತ್ತಿಕೊಂಡು ಹೋದ.

ಜಗನ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ. ಕಣ್ಣು ಸ್ವಲ್ಪ ಕೆಂಪಗಿತ್ತು. ಚಿಕ್ಕಬಳ್ಳಾಪುರಕ್ಕೆ ಅಮೃತಳ ಅಪ್ಪನೇ ಬೈಕಿನಲ್ಲಿ ಬಿಡುವವರಿದ್ದರು. ಅಲ್ಲಿಂದ ಅವನಿಗೆ ಗೌರಿಬಿದನೂರಿನ ಬಸ್ಸು. ಅಪ್ಪ ಬೈಕ್ ತರಲು ಹೋದಾಗ ಅವನು ಹಾಸ್ಟೆಲ್ ಮೆಟ್ಟಿಲ ಮೇಲೆ ಅಮೃತಳ ಪಕ್ಕ ಕೂತ.

"ನೀನು ದಿನಾ ನೋಡಿದ್ದೀಯ," ಎಂದ. "ನಿಜ ಹೇಳು. ಇಬ್ರಲ್ಲಿ ಯಾರು ಚೆನ್ನಾಗಿ ಹಿಡಿದ್ರು?"

ನೀವೇ ಅಣ್ಣ ಎಂದುಬಿಡಬಹುದಿತ್ತು. ಆ ಮಾತು ಅವಳ ನಾಲಿಗೆಯ ತನಕ ಬಂದಿತ್ತು.

"ಚೈತನ್ಯಣ್ಣ," ಎಂದಳು. "ಸ್ವಲ್ಪ."

ಅಮೃತ ಅವನ ಮುಖ ನೋಡಲಿಲ್ಲ.

"ಎಲ್ಲಿ?" ಎಂದ ಅವನು.

"ಏನು?"

"ಎಲ್ಲಿ ಚೆನ್ನಾಗಿ ಹಿಡಿದ ಅಂತ. ಕೋಚೂ ಹೇಳಿದ್ರು, ಇಂಗ್ಲಿಷ್‌ನಲ್ಲಿ. ನಂಗೆ ಪೂರ್ತಿ ತಿಳೀಲಿಲ್ಲ."

ಅಮೃತ ಈಗ ಅವನ ಕಡೆ ತಿರುಗಿದಳು. ಅವನು ಸಮಾಧಾನದ ಮಾತಿಗೆ ಕಾಯುತ್ತಿರಲಿಲ್ಲ. ಮಹಡಿಯ ಮೆಟ್ಟಿಲು ಹತ್ತುವಾಗ ಅವಳಿಗೆ ಹೇಗೆ ಆಗಿತ್ತೋ, ಈಗ ಅವನಿಗೂ ಹಾಗೇ ಆಗುತ್ತಿತ್ತು. ಗೊತ್ತಾಗಬೇಕು, ಅಷ್ಟೇ.

"ಎಡಗಡೆ ಕೆಳಗೆ ಬಾಲು ಬಂದ್ರೆ ನೀವು ಒಂದು ಹೆಜ್ಜೆ ಹಿಂದಕ್ಕೆ ಇಟ್ಟು ಆಮೇಲೆ ಹಾರ್ತೀರ. ಚೈತನ್ಯಣ್ಣ ಹಿಂದಕ್ಕೆ ಇಡಲ್ಲ."

"ಹಿಂದಕ್ಕಾ? ನಾನಾ?"

ಅವನು ಬ್ಯಾಗನ್ನು ಮೆಟ್ಟಿಲ ಮೇಲೆ ಇಟ್ಟ. ಗೇಟಿನ ಹತ್ತಿರ ಬೈಕಿನ ಸದ್ದಾಯಿತು. ಅಪ್ಪನಿಗೆ ಐದು ನಿಮಿಷ ಎಂದು ಕೈ ತೋರಿಸಿ, ಜಗನ್ ಬರಿಗೈಯಲ್ಲೇ ಹೋಗಿ ಗೋಲ್ ಮುಂದೆ ನಿಂತ. ಅಮೃತ ಒಂದು ಬಾಲು ತಂದು, ಅವನ ಎಡಗಾಲಿನ ಮೇಲೆ ಕಣ್ಣಿಟ್ಟು, ಎಡಗಡೆ ಕೆಳಗೆ ಎಸೆದಳು.